ಅಂಜುಲೊ ಎತ್ತರವಾದದ್ದು

ಹಣೆ ಬಾಗಿಲಿಗೆ ಬಡಿದಾಗ ಮನುಷ್ಯ ಮೊದಲು ಮಾಡುವ ಕೆಲಸ ಸುತ್ತಲೂ ನೋಡುವುದು. ಯಾರೂ ನೋಡಿಲ್ಲವಾದರೆ ಹಣೆ ಅಷ್ಟಾಗಿ ನೋಯುವುದಿಲ್ಲ. ಅಂಜುಲೊನ ಗ್ರಹಚಾರಕ್ಕೆ ಅವತ್ತು ಇಡೀ ಕೇರಿಯೇ ಅಂಗಳದಲ್ಲಿ ನಿಂತು ನೋಡುತ್ತಿತ್ತು.

ಅವನು ಆಡಿಸ್ ಅಬಾಬದಿಂದ ಮರಳಿ ಬಂದ ದಿನ ಅದು. ದೋರ್ಜೆ ಬೆಟ್ಟದ ಎಷ್ಟೋ ನೇಕಾರರಂತೆ ಅವನೂ ಆ ದೊಡ್ಡ ಪಟ್ಟಣದ ಶಿರೊ ಮೇಡಾ ಬಡಾವಣೆಯಲ್ಲಿ, ಗುಂಡಿಮಗ್ಗಕ್ಕೆ ಕಾಲು ಇಳಿಬಿಟ್ಟು ಕೂತು ಅರ್ಧ ಆಯಸ್ಸು ಕಳೆದಿದ್ದ. ಈಗ ಬಿಳಿ ಹೊದಿಕೆಯನ್ನು ಹೆಗಲ ಮೇಲೆ ಎಳೆದುಕೊಂಡು, ತಲೆ ಎತ್ತಿ, ಗತ್ತಿನಿಂದ, ತೀರಿಹೋದ ಅಪ್ಪ ವಾದಾ ಹೆಣೆದಿದ್ದ ಬಿದಿರಿನ ಮನೆಯೊಳಗೆ ಹೆಜ್ಜೆಯಿಟ್ಟ. ಕಾಲು ಒಳಗೆ ಹೋಯಿತು. ತಲೆ ಹೋಗಲಿಲ್ಲ. ಬಾಗಿಲ ಮುಂದೆ ಆನೆಯ ಸೊಂಡಿಲಿನಂತೆ ಚಾಚಿಕೊಂಡಿರುವ ಭಾಗವನ್ನು ಊರವರು ಮನೆಯ ಮೂಗು ಎನ್ನುತ್ತಾರೆ. ಆ ಮೂಗಿಗೂ ಅಂಜುಲೊನ ಹಣೆಗೂ ಠಪ್ಪೆಂದು ಮುಖಾಮುಖಿಯಾಯಿತು.

ಹೋಗುವಾಗ ಇದೇ ಬಾಗಿಲಲ್ಲಿ ತಲೆಯ ಮೇಲೆ ಗಂಟು ಹೊತ್ತು ನೆಟ್ಟಗೆ ನಡೆದು ಹೋಗಿದ್ದವನು ಅವನು. ಹಣೆ ಉಜ್ಜಿಕೊಳ್ಳುತ್ತ ಒಂದು ಕ್ಷಣ ಯೋಚಿಸಿದ. ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ತಕ್ಷಣ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ:

"ಇದೇನತ್ತೆ, ನಾನು ಬೆಳೆದಿರೋ ಹಾಗಿದೆ!"

ನಲವತ್ತು ದಾಟಿದ ಗಂಡಸು ಹೀಗೆ ಹೇಳಿದರೆ ಬೇರೆ ಊರಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಇಲ್ಲಿ ನಗಲು ಪುರುಸೊತ್ತೇ ಸಿಗಲಿಲ್ಲ. ವಾದಾನ ತಂಗಿ, ಅಂದರೆ ಅಂಜುಲೊನ ಸೋದರತ್ತೆ ದಿಂಕೆ, ಎದೆಗೆ ಕೈಯಿಟ್ಟುಕೊಂಡು ಕೂಗಿದಳು: "ಬಸ್ಸಿಂದ ಇಳಿದಾಗ್ಲೇ ಅಂದ್ಕೊಂಡೆ ಕಣೋ! ಇದ್ಯಾವ ಮರ ನಡ್ಕೊಂಡು ಬರ್ತಿದೆ ಅಂತ!"

ಪಕ್ಕದ ಮನೆಯವನೊಬ್ಬ ಮೆಲ್ಲಗೆ ಬಾಯಿ ತೆರೆದ. "ಅಲ್ಲ ದಿಂಕಕ್ಕ, ಮನೆ ಏನಾದ್ರೂ ಸ್ವಲ್ಪ..."

"ಮನೆ ಏನು? ಹೇಳು, ಮನೆ ಏನು?" ದಿಂಕೆ ಅತ್ತೆ ಸೊಂಟಕ್ಕೆ ಕೈಕೊಟ್ಟು ತಿರುಗಿದಳು. "ನನ್ನಣ್ಣನ ಕೈ ಹೆಣೆದ ಮನೆ ಅದು. ಇಡೀ ಬೆಟ್ಟದಲ್ಲಿ ಅಂಥ ಹೆಣಿಗೆ ಇನ್ನೊಂದಿದ್ರೆ ತೋರ್ಸು, ನಾನು ತಲೆ ಬೋಳಿಸ್ಕೋತೀನಿ."

ಅವಳು ತಲೆ ಬೋಳಿಸಿಕೊಳ್ಳುವುದು ಯಾರಿಗೂ ಬೇಕಿರಲಿಲ್ಲ. ಪಕ್ಕದ ಮನೆಯವನು ಬಾಯಿ ಮುಚ್ಚಿದ. ಅಂಜುಲೊ ಬೆಳೆದಿದ್ದಾನೆ ಎಂಬುದು ಅಲ್ಲಿಗೆ ಇತ್ಯರ್ಥವಾಯಿತು.

ನಿಜ ಸಂಗತಿ ದೋರ್ಜೆಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಬಿದಿರಿನ ಮನೆಯನ್ನು ಗೆದ್ದಲು ಬುಡದಿಂದ ತಿನ್ನುತ್ತದೆ. ವರ್ಷ ವರ್ಷವೂ ಬುಡ ಒಂದಿಷ್ಟು ಕರಗುತ್ತದೆ, ಮನೆ ಸದ್ದಿಲ್ಲದೆ ಒಂದಿಷ್ಟು ಇಳಿಯುತ್ತದೆ. ಆದರೆ ದಿನಾ ಅದರೊಳಗೆ ಬದುಕುವವರು ಅದರ ಜೊತೆಗೇ ಒಂದಿಷ್ಟು ಬಗ್ಗುವುದನ್ನು ಕಲಿಯುತ್ತಾರೆ. ಈ ವರ್ಷ ಕತ್ತು, ಮುಂದಿನ ವರ್ಷ ಹೆಗಲು. ಬಗ್ಗುತ್ತಿದ್ದೇವೆಂದು ಬಗ್ಗುವವರಿಗೇ ಗೊತ್ತಾಗುವುದಿಲ್ಲ. ಹಾಗಾಗಿ ಎಲ್ಲರ ಮನೆಯೂ ಇಳಿಯುತ್ತದೆಂದು ಬಲ್ಲ ಆ ಊರಿನಲ್ಲಿ ತಮ್ಮ ಮನೆ ಇಳಿದಿದೆಯೆಂದು ಒಪ್ಪುವವರು ಒಬ್ಬರೂ ಇರಲಿಲ್ಲ. ಇನ್ನು ತಗಡಿನ ಸೂರಿನಡಿ ಇಷ್ಟು ವರ್ಷ ಕಳೆದು ಬಂದ ಅಂಜುಲೊನಿಗಂತೂ ಮನೆಯೆಂಬುದು ಇಳಿಯುವ ವಸ್ತುವೆಂದೇ ಮರೆತುಹೋಗಿತ್ತು.

ಮಾರನೆಯ ದಿನ ಊರ ಹಿರಿಯ ಸಾಂಡೊ ಬಂದ. ಹಲಕ ಎಂಬ ಹಿರಿತನದ ಪಟ್ಟ ಕಟ್ಟಿಸಿಕೊಂಡವನು, ಕೈಯಲ್ಲಿ ಕೋಲು, ಮುಖದಲ್ಲಿ ಇಡೀ ಬೆಟ್ಟದ ಜವಾಬ್ದಾರಿ. ನಡು ಬಗ್ಗಿಸಿ ಒಳಗೆ ಬಂದು ಒಲೆಯ ಪಕ್ಕ ಕೂತ. ಆ ಬೆಟ್ಟದಲ್ಲಿ ಮಾತುಕತೆಯೆಂದರೆ ಕೂತು ಆಡುವುದು. ಕೂತವರ ಎತ್ತರ ಯಾರಿಗೆ ತಿಳಿಯುತ್ತದೆ?

"ಒಂದು ಅನುಮಾನ ಇದೆ," ಎಂದ ಸಾಂಡೊ. "ಈ ಬಾಗಿಲಲ್ಲಿ ನಮ್ಗೆ ಯಾರಿಗೂ ತಲೆ ಬಡಿಯಲ್ವಲ್ಲ, ಯಾಕೆ?"

"ನೀವು ಮರ್ಯಾದಸ್ಥರು, ಹಿರಿಯರೇ. ಬಗ್ಗಿ ಬರ್ತೀರಿ," ಎಂದಳು ಅತ್ತೆ.

ಸಾಂಡೊನಿಗೆ ಈ ಉತ್ತರ ಬಹಳ ಹಿಡಿಸಿತು. ಒಂದು ಬೋಗುಣಿ ಬಾರ್ಲಿ ಹೆಂಡ ಮುಗಿಸುವಷ್ಟರಲ್ಲಿ, ಶಿರೊ ಮೇಡಾದ ನೀರಿನಲ್ಲೇ ಏನೋ ಇದೆ ಎಂಬ ತೀರ್ಮಾನಕ್ಕೂ ಬಂದ. ಸಂಜೆಯೊಳಗೆ ಕುಳ್ಳ ಮಕ್ಕಳ ತಾಯಂದಿರು ಒಬ್ಬೊಬ್ಬರಾಗಿ ಬರತೊಡಗಿದರು. ಅಲ್ಲಿ ಏನು ತಿಂದೆ? ಯಾವ ಕಡೆ ತಲೆ ಹಾಕಿ ಮಲಗುತ್ತಿದ್ದೆ? ಅಂಜುಲೊ ಮೊದಮೊದಲು ತಡವರಿಸಿದ. ಆಮೇಲೆ ಸಲಹೆ ಕೊಡಲು ಶುರುಮಾಡಿದ. ಕಾಲು ಇಳಿಬಿಟ್ಟು ಕೂತರೆ ಮೂಳೆ ತಾನಾಗಿ ಎಳೆಯುತ್ತದಂತೆ. ಕೇಳಿದವರು ಮನೆಗೆ ಹೋಗಿ ಮಕ್ಕಳನ್ನು ಬೇಲಿಯ ಮೇಲೆ ಕೂರಿಸಿದರು. ಕೊನೆಗೆ ಅವನೇ ತನ್ನ ಮಾತನ್ನು ನಂಬಿ, ಮೋಡ ಕೆಳಗಿಳಿದ ದಿನ ಬಯಲಲ್ಲೂ ಒಂದಿಷ್ಟು ತಲೆ ತಗ್ಗಿಸಿ ನಡೆಯತೊಡಗಿದ.

ಒಬ್ಬಳು ಮಾತ್ರ ನಂಬಲಾರಳು ಎಂದು ಅವನಿಗೆ ಗೊತ್ತಿತ್ತು. ಅವನು ಊರಿಗೆ ಮರಳಿದ್ದೇ ಅವಳಿಗಾಗಿ.

ಬಲೋತೆ ಅವನ ಜೊತೆ ಆಡಿ ಬೆಳೆದವಳು. ವಾದಾ ಮನೆ ಹೆಣೆಯುವಾಗ ಅವಳನ್ನು ಗೋಡೆಯ ಒಳಗೆ, ಇವನನ್ನು ಹೊರಗೆ ನಿಲ್ಲಿಸುತ್ತಿದ್ದ. ಇವನು ಬಿದಿರಿನ ಸೀಳನ್ನು ಸಂದಿಯಲ್ಲಿ ತೂರಿಸಿದರೆ ಅವಳು ತುದಿ ಹಿಡಿದು ಎಳೆಯಬೇಕು. ಅವಳು ಬೇಕೆಂದೇ ಎಳೆಯದೆ ಸತಾಯಿಸುತ್ತಿದ್ದಳು. ಹಸಿ ಬಿದಿರಿನ ವಾಸನೆ, ಹೆಣಿಗೆಯ ಸಂದಿಯಲ್ಲಿ ಕಾಣುವ ಒಂದೇ ಒಂದು ಕಣ್ಣು, ಒಳಗಿನಿಂದ ಕೇಳುವ ನಗು. ಪಟ್ಟಣದಲ್ಲಿ ಹಾಸು ಹೊಕ್ಕಿನ ನಡುವೆ ಕೂತಾಗ ಅವನಿಗೆ ಇದೆಲ್ಲ ನೆನಪಾಗಿ ಲಾಳಿ ಕೈಯಲ್ಲೇ ನಿಂತುಬಿಡುತ್ತಿತ್ತು. ಆ ದಿನಗಳು ಎಷ್ಟು ಚೆನ್ನಾಗಿದ್ದವು ಎಂದು ಆಗ ಇಬ್ಬರಿಗೂ ತಿಳಿದಿರಲಿಲ್ಲ. ಅವಳನ್ನು ಬೇರೆ ಕಡೆ ಕೊಟ್ಟರು, ಇವನು ಬಸ್ಸು ಹತ್ತಿದ. ಅವಳ ಗಂಡ ತೀರಿಹೋಗಿ ವರ್ಷವಾಯಿತೆಂದು ಈಚೆಗೆ ಯಾರೋ ಹೇಳಿದರು. ಅವತ್ತೇ ಮಗ್ಗ ಬಿಚ್ಚಿದ. ಊರಲ್ಲಿ ಕೇಳಿದವರಿಗೆ ಪಟ್ಟಣದ ಧೂಳು ಒಗ್ಗಲಿಲ್ಲ ಎಂದ.

ತೊಡಕು ಏನೆಂದರೆ ಬಲೋತೆಯೂ ಅವನೂ ಚಿಕ್ಕಂದಿನಿಂದ ಸರಿಸಮ ಎತ್ತರ. ನಿಜ ಹೇಳಬೇಕೆಂದರೆ ಅವಳೇ ಒಂದು ಬೆರಳು ಹೆಚ್ಚು. ಅವಳ ಪಕ್ಕ ಒಮ್ಮೆ ನಿಂತರೆ ಸಾಕು, ಅಂಜುಲೊನ ಬೆಳವಣಿಗೆಯ ಕಥೆ ಮುಗಿಯುತ್ತಿತ್ತು. ಮದುವೆಯಾಗುತ್ತೀಯಾ ಎಂದು ಕೇಳಲು ಬಂದವನಿಗೆ ಹತ್ತಿರ ಹೋಗಲೇ ಧೈರ್ಯವಿಲ್ಲದಂತಾಯಿತು.

ನೀರಿನ ಊಟೆಯ ದಾರಿಯಲ್ಲಿ ಅವಳು ಎದುರಾದಾಗ ಅವನು ಪಕ್ಕದ ದಿಬ್ಬಕ್ಕೆ ಹಾರಿದ. ದೋರ್ಜೆಯಲ್ಲಿ ದಿಬ್ಬಕ್ಕೆ ಬರವಿಲ್ಲ, ಅದೊಂದು ಪುಣ್ಯ.

"ಚೆನ್ನಾಗಿದ್ದೀಯಾ ಬಲೋತೆ?" ಎಂದ ಮೇಲಿನಿಂದ.

"ಇದ್ದೀನಿ. ಅಲ್ಲಿ ಮೇಲೇನ್ ಮಾಡ್ತಿದ್ದೀಯಾ?"

"ಗಾಳಿ ಚೆನ್ನಾಗಿದೆ."

"ಇಲ್ಲೂ ಅದೇ ಗಾಳಿ."

"ಇಲ್ಲೇ ಇರ್ಲಿ ಬಿಡು. ಹತ್ತಿದ್ದಾಯ್ತಲ್ಲ."

ಅವಳು ನೀರಿನ ಕೊಡ ಬೆನ್ನಿಗೆ ಕಟ್ಟಿಕೊಂಡು ಕತ್ತು ಮೇಲೆತ್ತಿ ಸ್ವಲ್ಪ ಹೊತ್ತು ನೋಡಿದಳು. ಅವನು ಇನ್ನೇನಾದರೂ ಹೇಳುತ್ತಾನೆಂದು ಕಾದಳು. ಅವನು ದಿಬ್ಬದಿಂದ ಇಳಿಯಲೇ ಇಲ್ಲ. ಅವಳು ಹೋದಳು. ಮುಂದಿನ ವಾರ ಚೆಂಚಾ ಸಂತೆಯಲ್ಲಿ ಅವನು ಕಲ್ಲಿನ ಮೇಲೆ ನಿಂತು ಮಾತಾಡಿದ. ಅದರ ಮುಂದಿನ ವಾರ ಬೇಲಿಯ ಮೇಲಿನಿಂದ. ಪಟ್ಟಣಕ್ಕೆ ಹೋಗಿ ಬಂದವನಿಗೆ ಸೊಕ್ಕು ಬಂದಿದೆ, ನೆಲದ ಮೇಲಿನವರ ಜೊತೆ ಮಾತಾಡುವುದನ್ನೇ ಬಿಟ್ಟಿದ್ದಾನೆ ಎಂದು ಬಲೋತೆ ತನ್ನ ಅಣ್ಣನ ಹೆಂಡತಿಯ ಬಳಿ ಹೇಳಿದಳಂತೆ.

ಇತ್ತ ಊರಿಗೆ ಬೇರೆಯೇ ಚಿಂತೆ. ಇಷ್ಟು ಬೆಳೆದವನು ಅಷ್ಟು ಚಿಕ್ಕ ಬಾಗಿಲಲ್ಲಿ ಎಷ್ಟು ದಿನ ಹಣೆ ಚಚ್ಚಿಕೊಳ್ಳುವುದು? ಸಾಂಡೊ ಊರನ್ನು ಹುಲ್ಲಿನ ಮೇಲೆ ಕೂರಿಸಿ ತೀರ್ಪು ಕೊಟ್ಟ. ಅಂಜುಲೊನಿಗೆ ಹೊಸ ಮನೆ ಆಗಬೇಕು, ಅವನ ಅಳತೆಗೆ ಆಗಬೇಕು. ಊರವರು ಮುಯ್ಯಾಳಾಗಿ ಬರುತ್ತಾರೆ. ಹೆಣಿಗೆ ಮಾತ್ರ ಅವನದೇ ಕೈಯಿಂದ ಆಗಬೇಕು, ಯಾಕೆಂದರೆ ಅವನು ವಾದಾನ ಮಗ.

"ಅಪ್ಪನ ವಿದ್ಯೆ ಮರ್ತಿಲ್ಲ ತಾನೇ?"

"ಅದನ್ನ ಮರಿಯೋಕಾಗುತ್ತಾ ಹಿರಿಯರೇ?" ಎಂದ ಅಂಜುಲೊ. ಮರೆಯುವುದಕ್ಕೆ ಮೊದಲು ಕಲಿತಿರಬೇಕಲ್ಲ. ಒಂದು ಸುಳ್ಳಿಗೆ ಒಗ್ಗಿದ ನಾಲಿಗೆ ಎರಡನೆಯದಕ್ಕೆ ಒಂಚೂರೂ ತಕರಾರು ಮಾಡಲಿಲ್ಲ.

ಮೇಲುಸ್ತುವಾರಿಗೆ ಶಾನೊ ಅಜ್ಜನನ್ನು ಹಿಡಿದರು. ವಾದಾನ ಜೊತೆಗಾರ, ಬೆನ್ನು ಬಾಗಿದ್ದರೂ ಬಾಯಿ ಬಾಗಿರಲಿಲ್ಲ. ಈ ಬೆಟ್ಟದಲ್ಲಿ ಒಳ್ಳೆಯ ಮನೆಗಳೆಲ್ಲ ತನ್ನವು, ವಾದಾ ಕಟ್ಟಿದ್ದಕ್ಕೂ ಬುದ್ಧಿ ಹೇಳಿಕೊಟ್ಟವನು ತಾನೇ ಎಂಬುದು ಅವನ ನಂಬಿಕೆ. ದಿಂಕೆ ಅತ್ತೆ ಇಲ್ಲದ ಹೊತ್ತು ನೋಡಿ ಅದನ್ನು ಹೇಳುತ್ತಿದ್ದ.

ಬಿದಿರು ಕಡಿದದ್ದಾಯಿತು, ಸೀಳಿದ್ದಾಯಿತು, ಅಂಜುಲೊನ ಬೆರಳೂ ಸೀಳಿದ್ದಾಯಿತು. ನೆಲದಲ್ಲಿ ದುಂಡಗೆ ಬಿದಿರಿನ ಗಳ ನೆಟ್ಟು ಹೆಣಿಗೆ ಶುರುವಾಯಿತು. ಜೀವಮಾನವಿಡೀ ಬಟ್ಟೆ ನೇಯ್ದ ಕೈ ಅದು. ಒಂದು ಸೀಳು ಹಾಕಿದೊಡನೆ ಮರದ ತುಂಡಿನಿಂದ ಬಡಿದು ಬಡಿದು ಕೆಳಗಿನ ಸೀಳಿಗೆ ಒತ್ತಿ ಕೂರಿಸುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮೊಣಕಾಲೆತ್ತರದ ಗೋಡೆ ಎದ್ದಿತು. ಸೂಜಿ ತೂರಲೂ ಜಾಗವಿರಲಿಲ್ಲ. ಅಂಜುಲೊ ಹೆಮ್ಮೆಯಿಂದ ಹಿಂದೆ ಸರಿದು ನಿಂತ.

ಶಾನೊ ಅಜ್ಜ ಗೋಡೆಯ ಹತ್ತಿರ ಬಂದು ಬೆರಳು ಹಾಕಿ ನೋಡಿದ. ಬೆರಳು ಹೋಗಲಿಲ್ಲ.

"ಇದೇನೋ ಇದು? ಮದುವೆ ಹೊದಿಕೆ ನೇಯ್ತಿದ್ದೀಯೇನೋ?"

"ಗಟ್ಟಿಯಾಗಿರ್ಲಿ ಅಂತ, ಅಜ್ಜ."

"ಗಟ್ಟಿ! ನಾಳೆ ಒಳಗೆ ಒಲೆ ಹಚ್ತೀಯಲ್ಲ, ಹೊಗೆ ಎಲ್ಲಿಂದ ಹೋಗ್ಬೇಕು? ನಿನ್ನ ಕಿವಿಯಿಂದಾ? ಮನೆ ಉಸಿರಾಡ್ಬೇಕು ಕಣೋ. ಹೊಗೆ ಕುಡ್ಕೊಂಡೇ ಬಿದಿರು ಗಟ್ಟಿಯಾಗೋದು. ಬಿಚ್ಚು, ಎಲ್ಲ ಬಿಚ್ಚು!"

ಬಿಚ್ಚಿದ. ಮತ್ತೆ ಹೆಣೆದ. ಈ ಸಲ ಅಂಜಿಕೆಯಿಂದ ಎಷ್ಟು ಸಡಿಲ ಬಿಟ್ಟನೆಂದರೆ ಯಾರದೋ ಕೋಳಿ ಗೋಡೆಯ ಮೂಲಕ ಒಳಗೆ ಬಂದು ನೋಡಿಕೊಂಡು ಹೊರಟುಹೋಯಿತು. ಮತ್ತೆ ಬಿಚ್ಚಿದ. ಹೀಗೆ ಬಿಚ್ಚುತ್ತ ಕಟ್ಟುತ್ತ ಒಂದು ದಿನ, ಯಾರೂ ಹೇಳದೆಯೇ, ಕೈ ಸರಿಯಾದ ಬಿಗಿಯಲ್ಲಿ ನಿಂತುಬಿಟ್ಟಿತು. ಅಪ್ಪ ಸೀಳನ್ನು ಬಗ್ಗಿಸುವಾಗ ನಾಲಿಗೆಯ ತುದಿ ಕಚ್ಚುತ್ತಿದ್ದ. ತಾನೂ ಹಾಗೇ ಕಚ್ಚಿಕೊಂಡಿದ್ದೇನೆಂದು ಅಂಜುಲೊನಿಗೆ ಆಗ ಗೊತ್ತಾಯಿತು. ಅಪ್ಪ ತುಂಬ ನೆನಪಾದ. ಕೆಳಗೆ ಕೂತು ಸ್ವಲ್ಪ ಹೊತ್ತು ಅತ್ತ. ಶಾನೊ ಅಜ್ಜ ಕೋಚೊ ರೊಟ್ಟಿ ಮುರಿದು ಅರ್ಧ ಕೊಟ್ಟ.

ಬಾಗಿಲಿನ ಅಳತೆಯ ದಿನ ಬಂತು. ಶಾನೊ ಅಜ್ಜನ ಲೆಕ್ಕ ಸರಳ: ಯಜಮಾನ ನಿಲ್ಲಬೇಕು, ಅವನ ನೆತ್ತಿಯ ಮೇಲೆ ಒಂದು ಮೊಳ ಬಿಡಬೇಕು. ಅಂಜುಲೊ ಪಟ್ಟಣದ ದಪ್ಪ ಅಟ್ಟೆಯ ಬೂಟು ಹಾಕಿಕೊಂಡು ಬಂದ. ಬಿದಿರಿನ ಸಿಪ್ಪೆಯ ಗುಡ್ಡೆ ನೋಡಿ ಅದರ ಮೇಲೆ ನಿಂತ. ಸಾಲದೆಂದು ತುದಿಗಾಲಲ್ಲೂ ನಿಂತ. ಬಾಗಿದ ಬೆನ್ನಿನ ಅಜ್ಜ ಕೆಳಗಿನಿಂದ ನೋಡಿ ಹಿಗ್ಗಿದ.

"ನನ್ನ ಕೈಯಲ್ಲಿ ಇಷ್ಟು ದೊಡ್ಡ ಬಾಗಿಲು ಇದೇ ಮೊದ್ಲು! ಇದಕ್ಕೆ ತಕ್ಕ ಹಾಗೆ ಮನೇನೂ ಏರ್ಬೇಕು. ವಾದಾ ಬಂದು ನೋಡ್ಲಿ ಬೇಕಾದ್ರೆ!"

ಮನೆ ಏರಿತು. ಸುತ್ತಲಿನ ಬಿದಿರ ಮೆಳೆಯನ್ನೇ ಮೀರಿ ಏರಿತು. ಮೇಲೆ ಹೊದಿಸಲು ಬಿದಿರಿನ ಒಣ ಗರಿ ಸಾಲದೆ ಪಕ್ಕದ ಕೇರಿಯಿಂದ ಹೊರಿಸಿ ತಂದರು.

ಗರಿ ಹೊದಿಸುವ ದಿನ ದಿಂಕೆ ಅತ್ತೆ ಓಡಿ ಬಂದಳು. "ಕೇಳಿದ್ಯೇನೋ? ಬಲೋತೆಗೆ ದೊಕೊ ಊರಿನ ಕುದುರೆಯವನ ಸಂಬಂಧ ಬಂದಿದ್ಯಂತೆ. ಈ ಸಂತೆ ಕಳೆದ್ರೆ ಮಾತು ಕೊಟ್ಟುಬಿಡ್ತಾರಂತೆ!"

ಅಂಜುಲೊ ಏಣಿಯ ಮೇಲಿದ್ದ. ಅಲ್ಲಿಂದಲೇ ಕೇಳಿದ: "ಅವಳೇನಂದ್ಳಂತೆ?"

"ಅವನು ಕುದುರೆ ಮೇಲೆ ಬರ್ತಾನೆ, ನಿಜ. ಆದ್ರೆ ಮಾತಾಡ್ಬೇಕಾದ್ರೆ ಇಳಿದು ಮಾತಾಡ್ತಾನೆ, ಅಂದ್ಳಂತೆ."

ಅಂಜುಲೊನ ಕೈಯಿಂದ ಗರಿಯ ಕಟ್ಟು ಜಾರಿ ಸಾಂಡೊನ ತಲೆಯ ಮೇಲೆ ಬಿತ್ತು. ಊರು ಅದಕ್ಕೆ ನಕ್ಕಿತು. ಅವನಿಗೆ ನಗು ಬರಲಿಲ್ಲ.

ಗೃಹಪ್ರವೇಶಕ್ಕೆ ಊರೆಲ್ಲ ಸೇರಿತು. ಬಲೋತೆಯೂ ಅಣ್ಣನ ಮನೆಯವರೊಡನೆ ಬಂದು ಗೋಡೆಯ ಪಕ್ಕ ನಿಂತಳು. ಒಳಗೆ ಮೊದಲ ಬೆಂಕಿ ಹಚ್ಚಿದರು. ಹೊಗೆ ಎಷ್ಟೋ ಮೇಲೆ ಹೋಗಿ, ಹೆಣಿಗೆಯ ಸಂದಿಗಳಲ್ಲಿ ನಿಧಾನವಾಗಿ ಕರಗಿತು. ಜನ ಕತ್ತೆತ್ತಿ ಬೆರಗಾಗಿ ನೋಡಿದರು. ಇನ್ನು ಹಲಕನಾದವನು ಯಜಮಾನನ ನೆತ್ತಿಗೆ ಬೆಣ್ಣೆ ಹಚ್ಚಿ ಹರಸಬೇಕು. ಸಾಂಡೊ ದೂರದೃಷ್ಟಿಯುಳ್ಳವನು. ಅಂಜುಲೊನ ನೆತ್ತಿ ತನಗೆ ಎಟುಕುವುದಿಲ್ಲವೆಂದು ಮನೆಯಿಂದಲೇ ಎತ್ತರದ ಮಣೆ ಹೊರಿಸಿಕೊಂಡು ಬಂದಿದ್ದ. ಅದನ್ನು ಅಂಜುಲೊನ ಮುಂದಿಟ್ಟು, ಕೋಲು ಊರಿ ಹತ್ತಿ, ಬೆಣ್ಣೆ ಹಿಡಿದ ಕೈಯನ್ನು ಆಕಾಶಕ್ಕೆ ಚಾಚಿದ. ಅಲ್ಲಿ ನೆತ್ತಿ ಇರಲಿಲ್ಲ. ಬೆಣ್ಣೆ ಜಾರಿ ಎಲ್ಲೋ ಕೆಳಗೆ ಪಚ್ಚೆಂದು ಬಿತ್ತು. ಸಾಂಡೊ ಬಗ್ಗಿ ನೋಡಿದ.

"ಅಂಜುಲೊ, ಯಾಕೋ ಕೂತಿದ್ದೀಯಾ? ಎದ್ದು ನಿಲ್ಲು."

"ನಿಂತೇ ಇದ್ದೀನಿ, ಹಿರಿಯರೇ," ಎಂದ ಅಂಜುಲೊ, ಮೂಗಿನ ಮೇಲಿಂದ ಬೆಣ್ಣೆ ಒರೆಸಿಕೊಳ್ಳುತ್ತ.

ಮನೆಯೊಳಗೆ ಗುಸುಗುಸು ಎದ್ದಿತು. ಬಡಿದು ಸಮ ಮಾಡಿದ ನೆಲ, ದಿಬ್ಬವಿಲ್ಲ, ಕಲ್ಲಿಲ್ಲ, ಬೇಲಿಯಿಲ್ಲ. ಆ ಭಾರಿ ಮನೆಯ ನಡುವೆ ಅಂಜುಲೊ ಇಷ್ಟೇ ಇಷ್ಟು ಕಾಣುತ್ತಿದ್ದ.

"ಅಯ್ಯೋ, ದೃಷ್ಟಿ ತಾಗ್ತು!" ದಿಂಕೆ ಅತ್ತೆ ಕಿರುಚಿದಳು. "ಹೊಟ್ಟೆಕಿಚ್ಚಿನವರ ಕಣ್ಣು ಬಿದ್ದು ಹುಡುಗ ಕುಗ್ಗಿ ಹೋದ!"

"ಇರಬಹುದು," ಎಂದ ಸಾಂಡೊ, ಮಣೆಯ ಮೇಲಿಂದಲೇ. "ಪಟ್ಟಣದ ನೀರಿಂದ ಬಂದಿದ್ದು ಬೆಟ್ಟದ ನೀರಿಗೆ ಇಳೀತು. ಯಾರ್ದೂ ತಪ್ಪಿಲ್ಲ."

ಮರ್ಯಾದೆ ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಯಾರಿಗೆ ಸಿಗುತ್ತದೆ? ಅಂಜುಲೊ ಹೂಂ ಎಂದರೆ ಸಾಕಿತ್ತು. ಊರು ಅವನಿಗೆ ಮರುಗಿ, ದೃಷ್ಟಿ ತೆಗೆದು, ಜೇನಿನ ಮದ್ಯ ಕುಡಿದು ಮನೆಗೆ ಹೋಗುತ್ತಿತ್ತು. ಅವನು ಬಾಯಿ ತೆರೆಯುವಷ್ಟರಲ್ಲಿ ಬಲೋತೆ ಹೊದಿಕೆ ಸರಿಮಾಡಿಕೊಂಡು ಬಾಗಿಲ ಕಡೆಗೆ ತಿರುಗಿದ್ದು ಕಾಣಿಸಿತು.

"ನಾನು ಬೆಳೆದೇ ಇಲ್ಲ!" ಎಂದು ಅಂಜುಲೊ ಕೂಗಿದ. "ಯಾವತ್ತೂ ಬೆಳೆದಿಲ್ಲ. ಅಪ್ಪನ ಮನೆ ಇಳಿದಿದೆ. ಹೋಗೋವಾಗ ಗಂಟು ಹೊತ್ಕೊಂಡು ನೆಟ್ಟಗೆ ದಾಟಿದ್ದೆ. ಬರೋವಾಗ ಹಣೆ ಬಡೀತು, ನಾಚಿಕೆಯಾಗಿ ಬಾಯಿಗೆ ಬಂದಿದ್ದು ಅಂದುಬಿಟ್ಟೆ. ಇವಳ ಪಕ್ಕ ನಿಂತ್ರೆ ಗೊತ್ತಾಗಿಬಿಡುತ್ತೆ ಅಂತ ಇಷ್ಟು ದಿನ ದಿಬ್ಬ ಹತ್ತಿದೆ, ಬೇಲಿ ಹತ್ತಿದೆ. ನಾನು ಬಂದಿದ್ದು ಧೂಳಿಗೆ ಹೆದ್ರಿ ಅಲ್ಲ. ಇವಳಿಗೋಸ್ಕರ ಬಂದೆ."

ಎಲ್ಲರೂ ದಿಂಕೆ ಅತ್ತೆಯ ಕಡೆ ನೋಡಿದರು. ವಾದಾನ ಮನೆ ಇಳಿದಿದೆಯೆಂದು ಅವಳ ಮುಂದೆಯೇ ಹೇಳಿದವನು ಈ ಬೆಟ್ಟದಲ್ಲಿ ಇವನೊಬ್ಬನೇ. ಅತ್ತೆ ಸೊಂಟಕ್ಕೆ ಕೈಕೊಡಲಿಲ್ಲ. ಅಲ್ಲೇ ಕುಸಿದು ಕೂತಳು.

"ನಂಗೊತ್ತಿಲ್ವೇನೋ?" ಎಂದಳು. "ನನ್ನಣ್ಣ ಹೋದಾಗಿಂದ ಇಳೀತಾನೇ ಇದೆ. ದಿನಾ ಕಸ ಗುಡಿಸೋಳಿಗೆ ಕಾಣಲ್ವಾ? ಬಾಯಿ ಬಿಟ್ಟು ಹೇಳಿದ್ರೆ ಅಣ್ಣ ನಿಜವಾಗ್ಲೂ ಹೋಗ್ಬಿಟ್ಟ ಅಂತ ಆಗುತ್ತೆ ಅನ್ನಿಸ್ತಿತ್ತು."

ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ಬಾಗಿಲನ್ನು ನೆನೆಸಿಕೊಂಡರು. ಅಪ್ಪಂದಿರು ಕಟ್ಟಿದ ಮನೆಗಳು. ಮದುವಣಗಿತ್ತಿಯರಾಗಿ ನೆಟ್ಟಗೆ ನಡೆದು ಬಂದಿದ್ದ ಬಾಗಿಲುಗಳು. ಅವೆಲ್ಲ ಯಾವಾಗ ಇಷ್ಟು ಇಳಿದವು? ಸಾಂಡೊ ಮಣೆಯಿಂದ ಇಳಿದು, ನಡು ಹಿಡಿದುಕೊಂಡು ಬೆನ್ನು ನೆಟ್ಟಗೆ ಮಾಡಿ ನೋಡಿದ. ನೆಟ್ಟಗಾಯಿತು. ಅದೇ ಗತ್ತಿನಲ್ಲಿ ಮನೆಗೆ ಹೋಗಿ ಅವತ್ತು ತನ್ನ ಬಾಗಿಲಿಗೆ ಹಣೆ ಬಡಿಸಿಕೊಂಡನಂತೆ. ಆ ಮಧ್ಯಾಹ್ನ ದೋರ್ಜೆಯ ತುಂಬ ಠಪ್ ಠಪ್ ಎಂಬ ಸದ್ದು ಕೇಳುತ್ತಿತ್ತು ಎನ್ನುವವರೂ ಇದ್ದಾರೆ. ಅಷ್ಟು ನಂಬಬೇಕಾಗಿಲ್ಲ.

ಜನ ಚದುರಿದ ಮೇಲೆ ಬಲೋತೆ ಅಲ್ಲೇ ಉಳಿದಳು. ಅಂಜುಲೊನ ಪಕ್ಕಕ್ಕೆ ಬಂದು ಹೆಗಲಿಗೆ ಹೆಗಲು ತಾಗಿಸಿ ನಿಂತಳು. ಒಂದು ಬೆರಳು ಹೆಚ್ಚು, ಅಷ್ಟೇ.

"ನಿನ್ನ ಎತ್ತರ ನಂಗೆ ಗೊತ್ತಿಲ್ವಾ?" ಎಂದಳು. "ಹತ್ರ ಯಾಕೆ ಬರ್ತಿಲ್ಲ ಅಂತ ಮಾತ್ರ ಗೊತ್ತಿರ್ಲಿಲ್ಲ."

"ದೊಕೊದವನಿಗೆ ಏನು ಹೇಳಿದ್ದೀಯ?"

ಅವಳು ಬಾಗಿಲಿಗೆ ಹೋಗಿ ಮೇಲಕ್ಕೆ ಕೈ ಚಾಚಿದಳು. ಎಟುಕಲಿಲ್ಲ. ಒಮ್ಮೆ ಹಾರಿಯೂ ನೋಡಿದಳು.

"ಎಷ್ಟು ದೊಡ್ಡದು ಮಾಡಿದ್ದೀಯಪ್ಪಾ!"

"ತಪ್ಪಾಯ್ತು. ಶಾನೊ ಅಜ್ಜಂಗೆ ಹೇಳಿ ಕೆಳಗೆ ಇಳಿಸಿ ಹೆಣಿಸ್ತೀನಿ."

"ಬೇಡ, ಮುಟ್ಬೇಡ. ಗೆದ್ದಲು ತಿಂದು ತಿಂದು ಇದನ್ನ ನಮ್ಮ ತಲೆ ಮಟ್ಟಕ್ಕೆ ಇಳಿಸ್ಬೇಕಾದ್ರೆ ಒಂದು ಜನ್ಮ ಬೇಕು. ಅಷ್ಟು ವರ್ಷ ಇದ್ರೆ ಸಾಕು ನಮಗೆ."

ನಮಗೆ ಎಂದಳು. ಬಲೋತೆ ಒಳಗೆ ಹೋಗಿ, ಒಲೆಯ ಮುಂದೆ ಕೂತು, ಆರುತ್ತಿದ್ದ ಬೆಂಕಿಗೆ ಇನ್ನೊಂದು ಕೊರಡು ತಳ್ಳಿದಳು.